ಬೋರ್ಡ್ ಬಿಡಿ, ಟೆಂಡರ್ ಫಾರಂ ನೋಡಿ

ನಮಸ್ಕಾರ. ಹೋದ ಸಂಚಿಕೆಯ ಕೆಳಗೆ ಒಂದು ಕಾಮೆಂಟ್ ಇದೆ, ಅದಕ್ಕೆ ಲೈಕುಗಳೂ ಸುರಿದಿವೆ. "ಬರ್ಕ್ಲಿ ಜನ ವೋಟ್ ಹಾಕಿ ಅಣ್ವಸ್ತ್ರ ನಿಷೇಧ ಮಾಡಿದ್ರಂತೆ. ಬಾಂಬ್ ತಯಾರಿ ನಿಂತುಹೋಯ್ತಾ? ಊರ ಬಾಗಿಲಿಗೆ ಒಂದು ಬೋರ್ಡ್ ಬಂತು ಅಷ್ಟೇ." ಇವತ್ತು ಬೇರೆ ವಿಷಯ ಇತ್ತು, ಪಕ್ಕಕ್ಕಿಟ್ಟಿದ್ದೀನಿ. ಇದಕ್ಕೆ ಉತ್ತರ ಕೊಡದೆ ಮುಂದೆ ಹೋಗೋಕಾಗಲ್ಲ.

ಬೋರ್ಡ್ ಬಗ್ಗೆ ಮಾತಾಡೋರು ಆ ಕಾನೂನು ಓದಿಲ್ಲ. 1986ರ ನವೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರದ ಮತದಾರರು ಒಪ್ಪಿದ್ದು ನ್ಯೂಕ್ಲಿಯರ್ ಫ್ರೀ ಬರ್ಕ್ಲಿ ಆಕ್ಟ್. ಊರೊಳಗೆ ಅಣ್ವಸ್ತ್ರದ ಕೆಲಸ ಕೂಡದು ಅನ್ನೋದು ಅದರ ಒಂದು ಭಾಗ. ಇನ್ನೊಂದು ಭಾಗ ಏನು ಗೊತ್ತಾ? ಅಂಥ ಕೆಲಸ ಮಾಡೋ ಕಂಪನಿಗೆ ನಗರದ ಗುತ್ತಿಗೆ ಕೊಡಬಾರದು, ಅದರಲ್ಲಿ ನಗರದ ದುಡ್ಡು ಹೂಡಬಾರದು. ಕಾನೂನಿನ ಜೀವ ಇರೋದು ಇಲ್ಲಿ. ಬೋರ್ಡಿನಲ್ಲಲ್ಲ, ಅಣ್ವಸ್ತ್ರದ ಕೆಲಸ ಮಾಡಲ್ಲ ಅಂತ ಗುತ್ತಿಗೆದಾರರು ಸಹಿ ಹಾಕೋ ಟೆಂಡರ್ ಫಾರಂನಲ್ಲಿ.

ಮೊದಲನೇ ಭಾಗ ಸೋತಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಲಾಸ್ ಅಲಾಮೋಸ್, ಲಿವರ್‌ಮೋರ್ ಅಂದ್ರೆ ಅಮೆರಿಕದ ಸಿಡಿತಲೆಗಳ ವಿನ್ಯಾಸ ಆಗೋ ಪ್ರಯೋಗಾಲಯಗಳು. ಎರಡನ್ನೂ ಆಗ ನಡೆಸ್ತಿದ್ದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಅದರ ಕ್ಯಾಂಪಸ್ ಇರೋದು ಬರ್ಕ್ಲಿ ಊರೊಳಗೇ. ಆದ್ರೆ ಆ ವಿಶ್ವವಿದ್ಯಾಲಯಕ್ಕೆ ರಾಜ್ಯದ ಸಂವಿಧಾನವೇ ಸ್ವಾಯತ್ತತೆ ಕೊಟ್ಟಿದೆ, ನಗರಸಭೆಯ ಮಾತು ಅಲ್ಲಿ ನಡೆಯಲ್ಲ. ಪಕ್ಕದ ಓಕ್ಲೆಂಡಿನಲ್ಲಿ 1988ರಲ್ಲಿ ಮತದಾರರು ಇನ್ನೂ ಬಿಗಿಯಾದ ಕಾನೂನು ತಂದ್ರು. ಕೇಂದ್ರ ಸರ್ಕಾರ ಕೋರ್ಟಿಗೆ ಹೋಯ್ತು, 1990ರಲ್ಲಿ ಆ ಕಾನೂನು ಬಿದ್ದುಹೋಯ್ತು. ರಕ್ಷಣೆ ಕೇಂದ್ರದ ಕೆಲಸ, ಅದನ್ನು ಒಂದು ನಗರ ತಡೆಯೋ ಹಾಗಿಲ್ಲ ಅನ್ನೋದು ತಿರುಳು.

ಇಷ್ಟು ಕೇಳಿದ ತಕ್ಷಣ "ಮುಗೀತಲ್ಲ!" ಅಂತಾರೆ. ಎಲ್ಲಿ ಮುಗೀತು? ಓಕ್ಲೆಂಡ್ 1992ರಲ್ಲಿ ಕಾನೂನನ್ನು ತಿದ್ದಿ ಮತ್ತೆ ತಂತು. ನಗರದೆಲ್ಲೆಡೆ ಕ್ಯಾಮೆರಾ, ಸೆನ್ಸರ್ ಜೋಡಿಸಿ ಕಣ್ಗಾವಲು ಕೇಂದ್ರ ಕಟ್ಟೋಕೆ ಹೊರಟಾಗ ಗುತ್ತಿಗೆದಾರ ಯಾರು? ಎಸ್‌ಎಐಸಿ ಅನ್ನೋ ಅಮೆರಿಕದ ರಕ್ಷಣಾ ತಂತ್ರಜ್ಞಾನ ಕಂಪನಿ. ಅದಕ್ಕೆ ಅಣ್ವಸ್ತ್ರದ ಕೆಲಸದ ನಂಟಿದೆ ಅಂತ 2013ರಲ್ಲಿ ಹೊರಬಿತ್ತು. ನಗರ ಬೇರೆ ಗುತ್ತಿಗೆದಾರರನ್ನು ಹುಡುಕಬೇಕಾಯ್ತು. ಬೋರ್ಡ್ ಇದನ್ನು ಮಾಡಿಸ್ತಾ? ಟೆಂಡರ್ ಫಾರಂ ಮಾಡಿಸ್ತು!

ಸ್ವಲ್ಪ ಓದಿಕೊಂಡವರು ಮ್ಯಾಸಚೂಸೆಟ್ಸಿನ ಬರ್ಮಾ ಕಾನೂನು ಎತ್ತುತ್ತಾರೆ. ಬರ್ಮಾ ಜೊತೆ ವ್ಯಾಪಾರ ಮಾಡೋ ಕಂಪನಿಗಳಿಂದ ರಾಜ್ಯ ಖರೀದಿ ಮಾಡಬಾರದು ಅನ್ನೋ ಆ ಕಾನೂನನ್ನು ಸುಪ್ರೀಂ ಕೋರ್ಟ್ 2000ದಲ್ಲಿ ಹೊಡೆದುಹಾಕ್ತು, ನಿಜ. ಆದ್ರೆ ಬರ್ಮಾ ಮೇಲಿನ ನಿರ್ಬಂಧಕ್ಕೆ ಅಮೆರಿಕದ ಸಂಸತ್ತೇ ಪ್ರತ್ಯೇಕ ಕಾನೂನು ಮಾಡಿತ್ತು, ರಾಜ್ಯದ್ದು ಅದಕ್ಕೆ ಅಡ್ಡ ಬಂತು. ಬರ್ಮಾ ಕಾನೂನು, ಬರ್ಕ್ಲಿ ಕಾನೂನು ಎರಡೂ ಒಂದೇ ಅಂತ ವಾದಿಸೋರು ಆ ತೀರ್ಪನ್ನೂ ಓದಿಲ್ಲ.

ನಿಷೇಧ ಸೋರೋ ಜಾಗ ಬೇರೆ ಇದೆ. ಬರ್ಕ್ಲಿ ಸಾರ್ವಜನಿಕ ಗ್ರಂಥಾಲಯವನ್ನೇ ತಗೊಳ್ಳಿ. ಪ್ರತಿ ಪುಸ್ತಕಕ್ಕೂ ಆರ್‌ಎಫ್‌ಐಡಿ ಚಿಪ್ಪು, ಅಂದ್ರೆ ರೇಡಿಯೋ ಅಲೆಯಿಂದ ಪುಸ್ತಕ ಗುರುತಿಸೋ ಚಿಪ್ಪು ಅಂಟಿಸಿದ್ರು, ಓದುಗರೇ ಯಂತ್ರದ ಮೇಲೆ ಪುಸ್ತಕ ಇಟ್ಟು ತಮ್ಮ ಹೆಸರಿಗೆ ಹಾಕ್ಕೊಳ್ಳೋ ವ್ಯವಸ್ಥೆ. ಮಾರಿದ್ದು ಚೆಕ್‌ಪಾಯಿಂಟ್ ಕಂಪನಿ. ಆಮೇಲೆ ರಿಪೇರಿ, ನಿರ್ವಹಣೆ ಎಲ್ಲ 3ಎಂ ಕೈಗೆ ಹೋಯ್ತು. ಅಣ್ವಸ್ತ್ರದ ಕೆಲಸ ಮಾಡಲ್ಲ ಅನ್ನೋ ಫಾರಂಗೆ 3ಎಂ ಸಹಿ ಹಾಕಲಿಲ್ಲ. ಈ ಕಾನೂನಿನ ಮೇಲೂ ಕಣ್ಣಿಡೋ ನಗರದ ಪೀಸ್ ಅಂಡ್ ಜಸ್ಟಿಸ್ ಕಮಿಷನ್ ಬೇಡ ಅಂತು. ಯಂತ್ರ ಕೆಟ್ಟು ನಿಂತ್ರೆ ಏನು ಗತಿ ಅಂತ ಗ್ರಂಥಾಲಯದವರ ಚಿಂತೆ. 2009ರಲ್ಲಿ ನಗರಸಭೆ ಎರಡು ವರ್ಷದ ವಿನಾಯಿತಿ ಕೊಟ್ಟುಬಿಡ್ತು.

ತಪ್ಪಾಗಿದ್ದು ವಿನಾಯಿತಿ ಕೊಟ್ಟ ದಿನ ಅಲ್ಲ, ಯಂತ್ರ ಖರೀದಿ ಮಾಡಿದ ದಿನ. ಎಎಂಸಿ, ಅಂದ್ರೆ ವರ್ಷದ ನಿರ್ವಹಣೆ ಗುತ್ತಿಗೆ, ಬೇರೆಯವರ ಕೈಗೆ ಹೋದ್ರೆ ಅವರೂ ಇದೇ ಫಾರಂಗೆ ಸಹಿ ಹಾಕಬೇಕು ಅನ್ನೋ ಷರತ್ತು ಮೂಲ ಒಪ್ಪಂದದಲ್ಲೇ ಇರಬೇಕು. ಯಾವ ಕಂಪನಿಯ ರೀಡರ್ ಆದ್ರೂ ಓದೋ ಐಎಸ್‌ಒ 15693 ಮಾದರಿಯ ಚಿಪ್ಪೇ ಬೇಕು ಅಂತ ಟೆಂಡರಿನಲ್ಲಿ ಬರೆಯಬೇಕು. ಇಲ್ಲದಿದ್ರೆ ಲಕ್ಷಗಟ್ಟಲೆ ಪುಸ್ತಕಕ್ಕೆ ಚಿಪ್ಪು ಅಂಟಿಸಿದ ಮೇಲೆ ರಿಪೇರಿಗೆ ಒಬ್ಬನೇ ಗತಿ, ಅವನು ಹೇಳಿದ್ದೇ ಕಾನೂನು. ಫಾರಂನಲ್ಲಿ ಮಾತೃ ಕಂಪನಿ, ಅಂಗಸಂಸ್ಥೆ ಎರಡರ ಬಗ್ಗೆಯೂ ಕೇಳಬೇಕು. ಹನಿವೆಲ್ ಗೋಡೆಗೆ ಹಾಕೋ ಥರ್ಮೋಸ್ಟಾಟ್ ಮಾರಿದ ಕಂಪನಿ, ಕ್ಯಾನ್ಸಸ್ ಸಿಟಿಯಲ್ಲಿ ಅಣ್ವಸ್ತ್ರಗಳ ಬಿಡಿಭಾಗ ಮಾಡೋ ಘಟಕವನ್ನೂ ನಡೆಸ್ತಿರೋದು ಅದೇ ಗುಂಪು. "ಈ ವಿಭಾಗ ಬಾಂಬ್ ಮುಟ್ಟಿಲ್ಲ" ಅಂತ ಸಹಿ ಹಾಕಿದ್ರೆ ಸಾಕಾ? ಸಾಲದು.

ನಮ್ಮಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರಿ ಖರೀದಿ ಟೆಂಡರ್ ಮೂಲಕವೇ ಆಗಬೇಕು ಅನ್ನೋ ಕರ್ನಾಟಕದ ಕೆಟಿಪಿಪಿ ಕಾಯ್ದೆ ಇದೆ, ಅದರಿಂದ ವಿನಾಯಿತಿ ಕೊಡೋ 4(ಜಿ) ಕಲಮೂ ಇದೆ. ತುರ್ತು ಅಂದ್ರು, ಒಬ್ಬನೇ ಸರಬರಾಜುದಾರ ಅಂದ್ರು, ಟೆಂಡರ್ ಇಲ್ಲದೆ ಕೆಲಸ ಹೋಯ್ತು ಅನ್ನೋ ಸುದ್ದಿ ಎಷ್ಟು ಓದಿಲ್ಲ? ವಿನಾಯಿತಿ ಒಳಗೆ ಬಂದಲ್ಲಿ ಕಾನೂನು ಹೊರಗೆ ಹೋಯ್ತು. ಬರ್ಕ್ಲಿಯಲ್ಲೂ ಅಷ್ಟೇ, ಬೆಂಗಳೂರಿನಲ್ಲೂ ಅಷ್ಟೇ.

"ಒಂದು ಊರು ಖರೀದಿ ನಿಲ್ಲಿಸಿದ್ರೆ ಅಷ್ಟು ದೊಡ್ಡ ಕಂಪನಿಗೆ ಏನಾಗುತ್ತೆ" ಅಂತ ಇನ್ನೊಬ್ಬರು ಬರೆದಿದ್ದಾರೆ. ಏನೂ ಆಗದಿರಬಹುದು ಸ್ವಾಮಿ! ನನ್ನ ತೆರಿಗೆ ದುಡ್ಡು ಅಲ್ಲಿಗೆ ಹೋಗಬಾರದು ಅಂತ ಮತ ಹಾಕೋ ಹಕ್ಕು ಆ ಊರಿನವರಿಗೆ ಇದೆಯೋ ಇಲ್ವೋ? ಇದೆ. ಹಾಕಿದ್ರು. ಹಾಕಿದ ಮೇಲೆ ಫಾರಂ ಕೇಳಿ, ಸಹಿ ಕೇಳಿ, ಸಹಿ ಇಲ್ಲದಿದ್ರೆ ಬಿಲ್ ಪಾಸ್ ಮಾಡಬೇಡಿ. ಬೋರ್ಡ್, ಬೋರ್ಡ್ ಅಂತ ಎಷ್ಟು ಸಲ ಹೇಳ್ತೀರಿ? ಫಾರಂ ನೋಡಿ, ಫಾರಂ!

ಬರ್ಕ್ಲಿ, ಓಕ್ಲೆಂಡ್ ಇರೋ ಬೇ ಏರಿಯಾದಲ್ಲಿ ಕೂತು ಕೇಳ್ತಿರೋ ಕನ್ನಡಿಗರೇ, ನಿಮ್ಮ ನಗರಸಭೆಯ ಅಜೆಂಡಾ ಆನ್‌ಲೈನಿನಲ್ಲೇ ಸಿಗುತ್ತೆ. ಒಪ್ಪಂದಗಳ ಭಾಗ ತೆಗೆದು ‘ವೇವರ್’, ಅಂದ್ರೆ ವಿನಾಯಿತಿ, ಅನ್ನೋ ಪದ ಹುಡುಕಿ, ಸಿಕ್ಕಿದ್ದನ್ನು ಕಾಮೆಂಟಿನಲ್ಲಿ ಹಾಕಿ, ಮುಂದಿನ ವಾರ ಓದ್ತೀನಿ. ಸಬ್‌ಸ್ಕ್ರೈಬ್ ಆಗದೇ ಇದ್ರೆ ಈಗಲೇ ಆಗಿ, ಗಂಟೆ ಒತ್ತಿ. ಮುಂದಿನ ಸಂಚಿಕೆ ಮ್ಯಾಸಚೂಸೆಟ್ಸಿನ ಕೇಂಬ್ರಿಡ್ಜ್ ಮೇಲೆ. 1983ರಲ್ಲಿ ಅಲ್ಲಿ ಇಂಥದ್ದೇ ಪ್ರಸ್ತಾಪ ಮತಕ್ಕೆ ಬಂದು ಸೋತಿತು. ಕ್ಷಿಪಣಿಗಳಿಗೆ ದಾರಿ ತೋರಿಸೋ ಉಪಕರಣ ಮಾಡ್ತಿದ್ದ ಡ್ರೇಪರ್ ಲ್ಯಾಬ್ ಆ ಊರಿನಲ್ಲೇ ಇತ್ತು.