ಅರ್ಧ ಕಿಲೋ ಹಣ್ಣಿಗೆ ಎಷ್ಟು ಅಂಕ?

(ಮಡಿಕೇರಿಯಲ್ಲಿ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚಿನ ಹೊತ್ತು ನನಗೆ ಕೊಟ್ಟಿದ್ದೀರಿ. ಹಾಗಾಗಿ ಸುತ್ತಿ ಬಳಸದೆ ವಿಷಯಕ್ಕೆ ಬರುತ್ತೇನೆ.

ಹೋದ ವರ್ಷ ನಮ್ಮ ಜಿಲ್ಲೆಯ ಒಂದು ಕಾಲೇಜಿಗೆ ನಾಟಕದ ತೀರ್ಪುಗಾರನಾಗಿ ಹೋಗಿದ್ದೆ. ಎಂಟು ಮಕ್ಕಳ ತಂಡ. ನಾಟಕ ಅವರೇ ಕಟ್ಟಿದ್ದು, ಕಾಫಿ ತೋಟದ ಕೂಲಿಯವರು ಸಾಲಾಗಿ ವಾಸಿಸುವ ಲೈನ್‌ಮನೆಯ ಕಥೆ. ಎಪಿಕ್ ರಂಗಭೂಮಿ ಶೈಲಿಯಲ್ಲಿ ಮಾಡುತ್ತೇವೆ ಅಂತ ಮೊದಲೇ ಹೇಳಿದ್ದರು. ಒಂದು ದೃಶ್ಯಕ್ಕೆ ಮುಂಚೆ ಒಬ್ಬ ಹುಡುಗ ರಟ್ಟಿನ ಫಲಕ ಹಿಡಿದು ಬಂದ. ‘ಈ ದೃಶ್ಯದಲ್ಲಿ ಅಕ್ಕ ಅರ್ಧ ಕಿಲೋ ಕಳೆದುಕೊಳ್ಳುತ್ತಾಳೆ’ ಅಂತ ಅದರಲ್ಲಿ ಬರೆದಿತ್ತು. ಆಮೇಲೆ ಸಂಜೆಯ ತೂಕದ ದೃಶ್ಯ. ಕುಯ್ದ ಕಾಫಿ ಹಣ್ಣಿನ ಮೂಟೆಯನ್ನು ತಕ್ಕಡಿಗೆ ತೂಗುಹಾಕಿದರು. ಬೆಂಚಿನ ಮೇಲೆ ಕೂತಿದ್ದ ರೈಟರು, ಅಂದರೆ ತೋಟದ ಲೆಕ್ಕ ಬರೆಯುವವನು, ಮುಳ್ಳು ನೋಡಿ ‘ನಲವತ್ತೆರಡೂವರೆ’ ಅಂದ. ಪುಸ್ತಕ ತೆಗೆದು ‘ನಲವತ್ತೆರಡು’ ಅನ್ನುತ್ತಾ ಬರೆದ. ಅಕ್ಕನ ಪಾತ್ರದ ಹುಡುಗಿ ‘ಸರಿ ಸಾರ್’ ಅಂದಳು. ಅಷ್ಟೇ. ಆದರೆ ಕೆಳಗಿಳಿಸಿದ ಮೂಟೆಯ ಬಾಯಿ ಹಿಡಿದಿದ್ದ ಕೈ ಮಾತ್ರ ಬಿಡಲಿಲ್ಲ. ಇನ್ನೊಬ್ಬ ಬಂದು ಎಳೆದ ಮೇಲೆ ಬಿಟ್ಟಳು.

ನಾನು ಏನು ಮಾಡಿದೆ ಗೊತ್ತಾ? ನನ್ನ ಹಾಳೆಯಲ್ಲಿ ‘ಭಾವಾಭಿನಯ ಸಾಲದು’ ಅಂತ ಬರೆದು ಹತ್ತಕ್ಕೆ ನಾಲ್ಕು ಕೊಟ್ಟೆ. ಮೂವತ್ತು ವರ್ಷ ನಾಟಕ ನೋಡಿದವನು ನಾನು.

ತಪ್ಪು ನನ್ನದು ಹೌದು, ಆದರೆ ಹಾಳೆಯದ್ದೂ ಸ್ವಲ್ಪ ಇದೆ. ಭಾವಾಭಿನಯ, ವೇಷಭೂಷಣ, ರಂಗಸಜ್ಜಿಕೆ, ಬೆಳಕು, ಸಂಗೀತ ಅಂತ ಐದು ಕಾಲಂ. ಪಾತ್ರದೊಳಗೆ ಮುಳುಗಿ ನಮ್ಮನ್ನೂ ಮುಳುಗಿಸುವ ನಾಟಕಕ್ಕೆ ಅದು ಸರಿ. ಎಪಿಕ್ ನಾಟಕ ಮುಳುಗಬೇಡಿ, ದಡದಲ್ಲಿ ನಿಂತು ನೋಡಿ ಅನ್ನುತ್ತದೆ. ಈಜುವವನಿಗೆ ಓಟದ ಅಂಕ ಕೊಟ್ಟ ಹಾಗಾಯಿತು, ಅಲ್ವಾ?

ಎಪಿಕ್ ಅಂದ ತಕ್ಷಣ ಕೆಲವು ಮಕ್ಕಳು ಮಹಾಭಾರತದ ನಾಟಕ ಅಂದುಕೊಳ್ಳುತ್ತಾರೆ. ಮೇಷ್ಟ್ರುಗಳೂ ಅಂದುಕೊಂಡದ್ದನ್ನು ನೋಡಿದ್ದೇನೆ. ಇಲ್ಲಿ ಎಪಿಕ್ ಅಂದರೆ ಕಥೆ ಹೇಳುವುದು. ನಡೆದದ್ದನ್ನು ಈಗ ನಡೆಯುತ್ತಿದೆ ಅಂತ ನಂಬಿಸುವುದಲ್ಲ, ಹೀಗೆ ನಡೆಯಿತು ಅಂತ ತೋರಿಸುವುದು. 1920ರ ದಶಕದ ಬರ್ಲಿನ್‌ನಲ್ಲಿ ನಿರ್ದೇಶಕ ಎರ್ವಿನ್ ಪಿಸ್ಕಾಟರ್ ಈ ದಾರಿ ಹಿಡಿದ. ನಾಟಕಕಾರ ಬರ್ಟೋಲ್ಟ್ ಬ್ರೆಕ್ಟ್ ಅದನ್ನು ಬೆಳೆಸಿದ. ಬ್ರೆಕ್ಟ್ ಕೊಡುವ ಉದಾಹರಣೆ ಬಹಳ ಸರಳ: ರಸ್ತೆಯಲ್ಲಿ ಅಪಘಾತ ಆಗಿದೆ, ಕಂಡವನೊಬ್ಬ ಸುತ್ತ ಸೇರಿದವರಿಗೆ ವಿವರಿಸುತ್ತಿದ್ದಾನೆ. ನಮ್ಮ ತಿಮ್ಮಯ್ಯ ಸರ್ಕಲ್‌ನಲ್ಲೇ ಅಂದುಕೊಳ್ಳಿ. ‘ಜೀಪಿನವನು ಹೀಗೆ ತಿರುಗಿಸಿದ, ಅಜ್ಜ ಹೀಗೆ ನೋಡದೆ ದಾಟಿದರು’ ಅಂತ ಕೈಕಾಲು ಆಡಿಸಿ ತೋರಿಸುತ್ತಾನೆ. ಅವನು ಅಜ್ಜ ಆಗಬೇಕಾಗಿಲ್ಲ. ತಪ್ಪು ಯಾರದು ಅಂತ ನಾವು ಯೋಚಿಸುವಷ್ಟು ತೋರಿಸಿದರೆ ಸಾಕು.

ಈಗ ಅಂಕ ಕೊಡುವಾಗಿನ ದೊಡ್ಡ ಗುಂಡಿಗೆ ಬರೋಣ. ಎಪಿಕ್ ಶೈಲಿ ಅಂದರೆ ಫಲಕ, ಹಾಡು, ಸೂತ್ರಧಾರ, ಪ್ರೇಕ್ಷಕರ ಜೊತೆ ನೇರ ಮಾತು ಅಂತ ಪಾಠದಲ್ಲಿ ಇರುತ್ತದೆ. ಮಕ್ಕಳು ಎಲ್ಲವನ್ನೂ ಒಂದೊಂದು ಹಾಕುತ್ತಾರೆ. ನಾವು ಒಂದೊಂದಕ್ಕೂ ಟಿಕ್ ಹಾಕುತ್ತೇವೆ. ಸಾಂಬಾರಿಗೆ ಎಲ್ಲ ತರಕಾರಿ ಬಿದ್ದಿದೆಯಾ ಅಂತ ಎಣಿಸಿ, ರುಚಿ ನೋಡದೆ ಎದ್ದು ಹೋದ ಹಾಗೆ.

ನಮ್ಮ ನಾಡಿನಲ್ಲಿ ಇದು ಇನ್ನೂ ಜಾಸ್ತಿ ಎಡವಟ್ಟು. ಯಕ್ಷಗಾನದ ಭಾಗವತರು ರಂಗದ ಮೇಲೇ ಕೂತು ಕಥೆ ನಡೆಸುವುದನ್ನು ನಮ್ಮ ಜನ ಚಿಕ್ಕಂದಿನಿಂದ ನೋಡಿದ್ದಾರೆ. ಗೋಣಿಕೊಪ್ಪದ ಕಡೆ ಕುಂಡೆ ಹಬ್ಬಕ್ಕೆ ಸೀರೆ ಉಟ್ಟು ಬರುವ ಗಂಡಸು ಹೆಂಗಸಿನ ವೇಷದಲ್ಲಿದ್ದಾನೆ, ಹೆಂಗಸಾಗಿಲ್ಲ ಅಂತ ಎಲ್ಲರಿಗೂ ಗೊತ್ತು. ಅವನು ಬೈದು ಕಾಸು ಕೇಳಿದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. 1970ರ ದಶಕದಿಂದ ಕನ್ನಡ ರಂಗಭೂಮಿಯಲ್ಲೂ ಭಾಗವತ, ಅರ್ಧ ಪರದೆ, ಮುಖವಾಡ ಬೇಕಾದಷ್ಟು ಬಂದಿವೆ. ಹಾಗಿದ್ದ ಮೇಲೆ ಒಬ್ಬ ಹುಡುಗ ಮುಂದೆ ಬಂದು ‘ಪ್ರೇಕ್ಷಕರೇ’ ಅಂದರೆ ನಮಗೆ ಏನು ವಿಚಿತ್ರ ಅನ್ನಿಸುತ್ತದೆ? ಏನೂ ಇಲ್ಲ. ಬರ್ಲಿನ್‌ನಲ್ಲಿ ಜನರನ್ನು ಬೆಚ್ಚಿಸಿದ ತಂತ್ರ ಇಲ್ಲಿ ಮನೆಯ ಅಡುಗೆ. ಬ್ರೆಕ್ಟ್ 1935ರಲ್ಲಿ ಮಾಸ್ಕೋದಲ್ಲಿ ಚೀನಾದ ನಟ ಮೇಯ್ ಲಾನ್‌ಫಾಂಗ್‌ನ ಅಭಿನಯ ನೋಡಿ ಬೆರಗಾಗಿದ್ದ. ಚೀನಾದವರಿಗೆ ಅದು ಅವರ ಹಳೆಯ ಪದ್ಧತಿ.

ಆದ್ದರಿಂದ ನಾನು ಕೇಳುವುದು ಬೇರೆ. ಆ ತಂತ್ರ ಅಲ್ಲಿ ಏನು ಕೆಲಸ ಮಾಡಿತು? ಅದೇ ದಿನ ಇನ್ನೊಂದು ತಂಡವೂ ಫಲಕ ತಂದಿತ್ತು. ಅದರಲ್ಲಿ ದಪ್ಪ ಅಕ್ಷರದಲ್ಲಿ ‘ಶೋಷಣೆ’ ಅಂತ ಇತ್ತು. ನೋಡಿದ ಮೇಲೆ ಯೋಚಿಸಲು ಏನೂ ಉಳಿಯಲಿಲ್ಲ, ತೀರ್ಪು ಅವರೇ ಕೊಟ್ಟಾಗಿತ್ತು. ‘ಅರ್ಧ ಕಿಲೋ ಕಳೆದುಕೊಳ್ಳುತ್ತಾಳೆ’ ಅನ್ನುವ ಫಲಕ ಹಾಗಲ್ಲ. ಮುಂದೇನಾಗುತ್ತದೆ ಅನ್ನುವ ಕುತೂಹಲವನ್ನು ಅದು ಮೊದಲೇ ತೆಗೆದುಹಾಕಿತು. ಹಾಗಾಗಿ ನನ್ನ ಕಣ್ಣು ಹೇಗೆ ಆಗುತ್ತದೆ ಅನ್ನುವುದರ ಮೇಲೆ ಹೋಯಿತು. ಮುಳ್ಳು, ಪೆನ್ನು, ಕೈ. ಟಿಕ್ ಹಾಕುತ್ತಾ ಹೋದರೆ ಎರಡೂ ಫಲಕಗಳಿಗೆ ಒಂದೇ ಥರದ ಟಿಕ್.

ಹಾಡೂ ಹಾಗೆಯೇ. ಲೈನ್‌ಮನೆ ತಂಡ ಮೂಟೆ ಸಾಗಿಸುವಾಗ ವಾಲಗದ ಧಾಟಿ ಹಾಕಿತು. ಕೊಡಗಿನಲ್ಲಿ ವಾಲಗ ಕೇಳಿದರೆ ಕಾಲು ಸುಮ್ನೆ ಇರುವುದಿಲ್ಲ, ನಿಮಗೇ ಗೊತ್ತು. ಸಭೆ ಚಪ್ಪಾಳೆ ತಟ್ಟತೊಡಗಿತು. ನಡುವೆಯೇ ವಾಲಗ ಕಡಿದು ಹೋಯಿತು. ರೈಟರು ಆ ದಿನದ ಲೆಕ್ಕ ಓದತೊಡಗಿದ. ನಮ್ಮ ಚಪ್ಪಾಳೆ ಗಾಳಿಯಲ್ಲೇ ನಿಂತಿತು. ಯಾವುದಕ್ಕೆ ತಾಳ ಹಾಕುತ್ತಿದ್ದೆವು ಅಂತ ಆಗ ಗೊತ್ತಾಯಿತು. ಎಪಿಕ್ ಶೈಲಿಯಲ್ಲಿ ಹಾಡು ನಾಟಕವನ್ನು ನಡುವೆ ಕಡಿಯಬೇಕು ಅನ್ನುತ್ತಾರಲ್ಲ, ಇವರು ಹಾಡನ್ನೇ ಕಡಿದರು.

ಬೆಳಕಿನ ಬಗ್ಗೆ ಒಂದೇ ಮಾತು. ನಮ್ಮ ಕಣ್ಣು ಮಡಿಕೇರಿ ದಸರಾದ ದಶಮಂಟಪಗಳ ಮೆರವಣಿಗೆ ನೋಡಿ ಪಳಗಿದ್ದು. ಹೊಗೆ, ಮಿಂಚು, ತಲೆ ಅಲ್ಲಾಡಿಸುವ ರಾಕ್ಷಸ ಇಲ್ಲದಿದ್ದರೆ ಸಪ್ಪೆ ಅನ್ನಿಸುತ್ತದೆ. ಮಂಟಪಕ್ಕೆ ಅದು ಬೇಕು. ಇಲ್ಲಿ ಸಾದಾ ಬಿಳಿ ಬೆಳಕು, ಅದೂ ದೀಪಗಳು ಎಲ್ಲರಿಗೂ ಕಾಣುವ ಹಾಗೆ ಇದ್ದರೆ ಅಂಕ ಕಡಿಯಬೇಡಿ.

ಇನ್ನು ಕಣ್ಣೀರು. ಪ್ರೇಕ್ಷಕರು ಅತ್ತರೆ ಎಪಿಕ್ ನಾಟಕ ಸೋತಿತು ಅಂತ ಕೆಲವರು ಅಂಕ ಕಳೆಯುತ್ತಾರೆ. ಇದು ಅತಿಯಾಯಿತು. ಬ್ರೆಕ್ಟ್‌ನ ‘ಮದರ್ ಕರೇಜ್’ ನಾಟಕ 1941ರಲ್ಲಿ ಜ್ಯೂರಿಕ್‌ನಲ್ಲಿ ಮೊದಲು ಆಡಿದಾಗ, ಯುದ್ಧದಲ್ಲೇ ವ್ಯಾಪಾರ ಮಾಡಿ ಮಕ್ಕಳನ್ನು ಕಳೆದುಕೊಳ್ಳುವ ಆ ಹೆಂಗಸನ್ನು ಜನ ಪಾಪದ ತಾಯಿ ಅಂತ ನೋಡಿದರು. ಬ್ರೆಕ್ಟ್‌ಗೆ ಅದು ಹಿಡಿಸಲಿಲ್ಲ. 1949ರ ಬರ್ಲಿನ್ ಪ್ರದರ್ಶನದ ಹೊತ್ತಿಗೆ ಅವಳ ವ್ಯಾಪಾರಬುದ್ಧಿ ಎದ್ದು ಕಾಣುವ ಹಾಗೆ ದೃಶ್ಯಗಳನ್ನು ತಿದ್ದಿದ. ಗಾಯಗೊಂಡವರಿಗೆ ಪಟ್ಟಿ ಕಟ್ಟಲು ಅಂಗಿ ಹರಿಯಬೇಕಾದಾಗ, ತಿದ್ದಿದ ದೃಶ್ಯದಲ್ಲಿ ಅವಳು ಕೊಡಲು ಒಪ್ಪುವುದಿಲ್ಲ. ಆದರೂ ಜನ ಅತ್ತರು. ಬ್ರೆಕ್ಟ್‌ಗೇ ತಡೆಯಲು ಆಗದ ಕಣ್ಣೀರಿಗೆ ಪಿಯುಸಿ ಮಕ್ಕಳ ಅಂಕ ಕಳೆಯುವುದು ಯಾವ ನ್ಯಾಯ? ಅತ್ತ ಮೇಲೆ ಏನಾದರೂ ಕೇಳಬೇಕು ಅನ್ನಿಸಿತಾ, ಅದನ್ನು ನೋಡಿ.

ನನ್ನ ಜೊತೆ ತೀರ್ಪುಗಾರರಾಗಿದ್ದ ಮೇಡಂ ಒಬ್ಬರು ಅವತ್ತು ಹಟ ಹಿಡಿದರು. ಅಂಕ ಕೊಡುವ ಮುಂಚೆ ತಂಡದ ಜೊತೆ ಹತ್ತು ನಿಮಿಷ ಮಾತಾಡಲೇಬೇಕು ಅಂದರು. ನಿಮಗೆ ನಾನು ಬೇರೆ ಯಾವ ಸಲಹೆ ಕೊಡದಿದ್ದರೂ ಇದನ್ನು ಕೊಡುತ್ತೇನೆ. ಗುಂಪಿನ ಕೆಲಸದಲ್ಲಿ ಯಾರು ಯೋಚಿಸಿದರು, ಯಾರು ಬರೀ ಹೇಳಿದ್ದು ಮಾಡಿದರು ಅನ್ನುವುದು ರಂಗದ ಮೇಲೆ ಪೂರ್ತಿ ಕಾಣುವುದಿಲ್ಲ.

ನಾನು ಆ ಹುಡುಗಿಯನ್ನು ಕೇಳಿದೆ: ‘ಅಲ್ಲಮ್ಮ, ಅರ್ಧ ಕಿಲೋ ಹೋಯಿತು, ನಿನಗೆ ಕೋಪ ಬರಲಿಲ್ವಾ?’

‘ಕೋಪ ತೋರಿಸಿದ್ರೆ ನಾಳೆ ಕೆಲಸ ಇರಲ್ಲ ಸಾರ್. ಅದಕ್ಕೇ ಬಾಯಲ್ಲಿ ಸರಿ ಅಂದೆ. ಕೈ ಒಪ್ಪಲಿಲ್ಲ.’

ಬ್ರೆಕ್ಟ್ ಇದನ್ನೇ ಗೆಸ್ಟುಸ್ ಅಂದ. ಬರೀ ಹಾವಭಾವ ಅಲ್ಲ. ಆ ಒಂದು ಕೈಯಲ್ಲಿ ಕೂಲಿ, ರೈಟರು, ಪುಸ್ತಕ, ನಾಳೆಯ ಕೆಲಸ ಎಲ್ಲದರ ಸಂಬಂಧ ಕಾಣುತ್ತದೆ. ನಾನು ನಾಲ್ಕು ಹೊಡೆದು ಹಾಕಿ ಒಂಬತ್ತು ಬರೆದೆ.

ಫಲಕದ ಹುಡುಗ ಮೂಲೆಯಲ್ಲಿ ನಿಂತಿದ್ದ. ಪಟ್ಟಿಯಲ್ಲಿ ಅವನಿಗೆ ಪಾತ್ರವೇ ಇರಲಿಲ್ಲ, ‘ರಂಗ ಸಹಾಯ’ ಅಂತಿತ್ತು. ತೂಕದ ದೃಶ್ಯ ಮುಗಿದಾಗ ಬೆಂಚು ತೆಗೆಯಲು ಬಂದವನು ಅವನೇ. ರೈಟರು ಏಳಲೇ ಇಲ್ಲ. ಇವನು ಸ್ವಲ್ಪ ಹೊತ್ತು ಕಾದು, ಮೂಟೆ ಹೊತ್ತಿದ್ದ ಇಬ್ಬರನ್ನು ಕರೆದು, ರೈಟರನ್ನು ಬೆಂಚಿನ ಸಮೇತ ಎತ್ತಿಕೊಂಡು ಹೋದ. ಇದು ಯಾರ ಐಡಿಯಾ ಅಂತ ಕೇಳಿದೆ.

‘ಯಾರದ್ದೂ ಅಲ್ಲ ಸಾರ್. ರಿಹರ್ಸಲ್‌ನಲ್ಲಿ ಅವನು ಏಳೋದು ಮರೆತ. ನಾವು ಎತ್ತಿದ್ವಿ. ಆಮೇಲೆ ನೋಡಿದ್ರೆ, ತೋಟದಲ್ಲೂ ಹಾಗೇ ಅಲ್ವಾ ಅನ್ನಿಸ್ತು. ಇಟ್ಕೊಂಡ್ವಿ.’

ಅವನಿಗೆ ಅಂಕ ಹಾಕಲು ಹಾಳೆಯಲ್ಲಿ ಕಾಲಂ ಇರಲಿಲ್ಲ. ಪಕ್ಕದ ಖಾಲಿ ಜಾಗದಲ್ಲಿ ಒಂದು ಗೆರೆ ಎಳೆದು ಅವನ ಹೆಸರು ಬರೆದೆ, ಒಂಬತ್ತು ಕೊಟ್ಟೆ. ಅವನು ಬಗ್ಗಿ ನೋಡಿದ. ‘ಒಂದು ಯಾಕೆ ಕಟ್ ಮಾಡಿದ್ರಿ ಸಾರ್?’ ಅಂದ. ರೈಟರ ಪುಸ್ತಕ ನೆನಪಾಯಿತು. ಹತ್ತು ಮಾಡಿದೆ.