ಅರ್ಧ ತೆರೆದ ಬಾಗಿಲು

ಕೇಳುಗರಿಗೆ ನಮಸ್ಕಾರ.

ಫ್ರೆಂಚ್ ಭಾಷೆಯಲ್ಲಿ 'ಫಾರ್' ಅಂದರೆ ದೀಪಸ್ತಂಭ. 1989ರ ಕೊನೆಯಲ್ಲಿ ಯುರೋಪಿಯನ್ ಸಮುದಾಯ, ಅಂದರೆ ಇಂದಿನ ಯುರೋಪಿಯನ್ ಒಕ್ಕೂಟದ ಹಿಂದಿನ ರೂಪ, ಶುರು ಮಾಡಿದ ನೆರವಿನ ಯೋಜನೆಗೂ ಅದೇ ಹೆಸರು. ಮೊದಲು ಪೋಲೆಂಡ್ ಮತ್ತು ಹಂಗೇರಿಗೆ, ಆಮೇಲೆ ಅಕ್ಕಪಕ್ಕದ ದೇಶಗಳಿಗೂ ಅದರ ಹಣ ಹರಿಯಿತು. ಸರ್ಕಾರವೇ ಎಲ್ಲವನ್ನೂ ನಡೆಸುತ್ತಿದ್ದ ವ್ಯವಸ್ಥೆ ಬಿಟ್ಟು ಮಾರುಕಟ್ಟೆಯ ಕಡೆ ಹೊರಳಿದ್ದ ದೇಶಗಳಿವು.

ನೆರವು ಬೇಕಿತ್ತು, ನಿಜ. ಆದರೆ ಅದಕ್ಕಿಂತ ಜಾಸ್ತಿ ಬೇಕಿದ್ದದ್ದು ಗಿರಾಕಿ. ಅಲ್ಲಿಯವರೆಗೆ ಇವರ ಸರಕಿಗೆ ದೊಡ್ಡ ಆಸರೆ ಸೋವಿಯತ್ ಒಕ್ಕೂಟ ಮುಂದಾಳಾಗಿದ್ದ ಕೊಮೆಕಾನ್ ಎಂಬ ವ್ಯಾಪಾರ ಕೂಟ. 1991ರ ಜೂನ್‌ನಲ್ಲಿ ಆ ಕೂಟವೇ ಮುಚ್ಚಿಹೋಯಿತು. ಕಾರ್ಖಾನೆ ಇದೆ, ಕೆಲಸಗಾರರಿದ್ದಾರೆ, ಕೊಳ್ಳುವವರಿಲ್ಲ. ಉಳಿದ ದಾರಿ ಪಶ್ಚಿಮ ಒಂದೇ.

ಅದೇ ವರ್ಷ ಡಿಸೆಂಬರ್ 16ರಂದು ಪೋಲೆಂಡ್, ಹಂಗೇರಿ, ಚೆಕೊಸ್ಲೊವಾಕಿಯಾ ಸಮುದಾಯದ ಜೊತೆ 'ಯುರೋಪ್ ಒಪ್ಪಂದ'ಗಳಿಗೆ ಸಹಿ ಹಾಕಿದವು. ಸುಂಕ ಇಳಿಸುವುದರಲ್ಲಿ ಸಮುದಾಯ ಮೊದಲು ಹೆಜ್ಜೆ ಇಡಬೇಕು, ಬಡ ದೇಶಗಳು ನಿಧಾನವಾಗಿ ಬರಬಹುದು ಅಂತ ಅದರಲ್ಲಿತ್ತು. ಒಳ್ಳೆಯ ಮಾತೇ. ಆದರೆ ಉಕ್ಕು, ಕಲ್ಲಿದ್ದಲು, ಬಟ್ಟೆಗೆ ಬೇರೆ ಲೆಕ್ಕ. ಬೇಸಾಯದ ಸರಕಿಗಂತೂ ಇಷ್ಟೇ ಅಂತ ಮಿತಿ. ಆ ದೇಶಗಳ ಕೈಯಲ್ಲಿ ತಕ್ಷಣ ಮಾರಲು ಇದ್ದದ್ದೇ ಇವು, ಅಲ್ವಾ?

1993ರ ವಸಂತದಲ್ಲಿ ಇಟಲಿಯಲ್ಲಿ ದನಗಳಿಗೆ ಕಾಲುಬಾಯಿ ರೋಗ ಕಾಣಿಸಿತು. ಸಮುದಾಯ ಪೂರ್ವ ಯುರೋಪಿನ ದನ, ಮಾಂಸ, ಹಾಲಿನ ಪದಾರ್ಥಗಳನ್ನು ತಡೆಯಿತು. ರೋಗವೇ ಇಲ್ಲದ ದೇಶಗಳೂ ಅದರಲ್ಲಿ ಸಿಕ್ಕಿಬಿದ್ದವು. ರೋಗ ಹರಡದಂತೆ ನೋಡಿಕೊಳ್ಳುವುದು ಸರಿ. ರೋಗವಿಲ್ಲದ ಕೊಟ್ಟಿಗೆಗೂ ಬೀಗ ಹಾಕಿದ್ದು ಅನ್ಯಾಯ ಅಂತಲೇ ನನಗನಿಸುತ್ತದೆ.

ಒಪ್ಪಂದದ ಪೀಠಿಕೆಯ ಒಂದು ಸಾಲು ಗಮನಿಸಿ. ಸದಸ್ಯತ್ವ ಆ ದೇಶಗಳ ಕೊನೆಯ ಗುರಿ ಅಂತ ಅಲ್ಲಿದೆ. ಗುರಿ ಅವರದ್ದು. ಸೇರಿಸಿಕೊಳ್ಳುತ್ತೇವೆ ಅಂತ ಸಮುದಾಯ ಎಲ್ಲೂ ಹೇಳಿಲ್ಲ.

ಆ ಮಾತು ಬಂದದ್ದು 1993ರ ಜೂನ್‌ನಲ್ಲಿ, ಕೋಪನ್‌ಹೇಗನ್‌ನಲ್ಲಿ ನಡೆದ ಸಮುದಾಯದ ನಾಯಕರ ಸಭೆಯಲ್ಲಿ. ಗಟ್ಟಿಯಾದ ಪ್ರಜಾಪ್ರಭುತ್ವ, ಕಾನೂನಿನ ಆಡಳಿತ, ಪೈಪೋಟಿ ತಾಳುವ ಮಾರುಕಟ್ಟೆ, ಸದಸ್ಯತ್ವದ ಹೊಣೆ ಹೊರುವ ಶಕ್ತಿ ಇದ್ದರೆ ಸೇರಬಹುದು ಅಂದರು. ಷರತ್ತು ಕಠಿಣ. ಆದರೆ ಕಷ್ಟದ ಸುಧಾರಣೆ ಯಾಕೆ ಬೇಕು ಅಂತ ಜನ ಕೇಳಿದಾಗ ಅಲ್ಲಿನ ಸರ್ಕಾರಗಳಿಗೆ ಈಗ ಒಂದು ಉತ್ತರ ಸಿಕ್ಕಿತು. ನೆರವಿನ ಹಣಕ್ಕಿಂತ ಈ ಭರವಸೆಯೇ ಹೆಚ್ಚು ಕೆಲಸ ಮಾಡಿತು ಅಂತ ನಾನು ನಂಬುತ್ತೇನೆ. 2004ರ ಮೇ 1ರಂದು ಇಂಥ 8 ದೇಶಗಳು ಯುರೋಪಿಯನ್ ಒಕ್ಕೂಟ ಸೇರಿದವು.

ಪೋಲೆಂಡಿನ ಗಡಿಯಾಚೆಗೇ ಉಕ್ರೇನ್. 1994ರಲ್ಲಿ ಅದಕ್ಕೆ ಸಿಕ್ಕಿದ್ದು ಪಾಲುದಾರಿಕೆ ಮತ್ತು ಸಹಕಾರದ ಒಪ್ಪಂದ. ಸದಸ್ಯತ್ವದ ಮಾತು ಅದರಲ್ಲಿ ಇರಲಿಲ್ಲ. ಅಭ್ಯರ್ಥಿ ದೇಶ ಅಂತ ಕರೆಸಿಕೊಳ್ಳಲು ಉಕ್ರೇನ್ 2022ರ ಜೂನ್‌ವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಅದರ ಊರುಗಳ ಮೇಲೆ ಬಾಂಬು ಬೀಳುತ್ತಿದ್ದವು.

ನಮಸ್ಕಾರ.