ಮತ ಎಣಿಕೆ: ಕೈಯ ಲೆಕ್ಕ, ಯಂತ್ರದ ಲೆಕ್ಕ

ಕೇಳುಗರಿಗೆ ನಮಸ್ಕಾರ. ಮತಪತ್ರಗಳನ್ನು ಕೈಯಲ್ಲಿ ಎಣಿಸಬೇಕೋ ಯಂತ್ರಕ್ಕೆ ಕೊಡಬೇಕೋ ಎಂದು ವಾದಿಸುವ ಮೊದಲು, ಒಂದು ಹಾಳೆಯಲ್ಲಿ ಎಷ್ಟು ಸ್ಪರ್ಧೆಗಳಿವೆ ಎಂದು ಕೇಳಬೇಕು. ಒಂದೇ ಸ್ಥಾನವಿದ್ದರೆ ಸಾವಿರ ಮತಪತ್ರವನ್ನು ಸಾವಿರ ಸಲ ನೋಡಿದರಾಯಿತು. ಅದು ಕೈಗೆ ಒಗ್ಗುವ ಕೆಲಸ. ಅದೇ ಹಾಳೆಯಲ್ಲಿ 25 ಸ್ಪರ್ಧೆಗಳಿದ್ದರೆ 25,000 ಸಲ ಓದಬೇಕು. ಒಂದಕ್ಕೆ 5 ಸೆಕೆಂಡ್ ಹಿಡಿದರೂ ಒಂದು ತಂಡಕ್ಕೆ ಸುಮಾರು 35 ಗಂಟೆ ಬೇಕು.

ಕೈ ಎಣಿಕೆಗೆ ಮೇಜಿಗೆ ನಾಲ್ವರು. ಒಬ್ಬರು ಓದಿ ಹೇಳುತ್ತಾರೆ, ಇನ್ನೊಬ್ಬರು ಅದೇ ಹಾಳೆಯ ಮೇಲೆ ಕಣ್ಣಿಟ್ಟಿರುತ್ತಾರೆ, ಉಳಿದಿಬ್ಬರು ಬೇರೆ ಬೇರೆಯಾಗಿ ಗೀಟು ಹಾಕುತ್ತಾರೆ. ಒಬ್ಬ ಅಭ್ಯರ್ಥಿಗೆ ಹತ್ತು ತುಂಬಿದಾಗ ಗೀಟು ಹಾಕುವ ಇಬ್ಬರೂ ಒಟ್ಟಿಗೆ "ಹತ್ತು" ಎನ್ನಬೇಕು. ಒಂದೇ ದನಿ ಕೇಳಿದರೆ ಅಲ್ಲೇ ನಿಲ್ಲಿಸಿ ಹಿಂದಿನದನ್ನು ನೋಡಬೇಕು. ಒಂದೊಂದು ಕಟ್ಟಿನಲ್ಲಿ 50 ಹಾಳೆ ಸಾಕು; ತಪ್ಪಾದರೆ ಅಷ್ಟನ್ನೇ ಮತ್ತೆ ಎಣಿಸಬಹುದು. ಹಾಳೆಗಳನ್ನು ಅಭ್ಯರ್ಥಿವಾರು ರಾಶಿ ಹಾಕಿ ಎಣಿಸುವುದು ಬೇಗ ಮುಗಿಯುವಂತೆ ಕಾಣುತ್ತದೆ ನಿಜ, ಆದರೆ ಬೇರೆ ರಾಶಿಗೆ ಸೇರಿದ ಹಾಳೆ, ಒಂದಕ್ಕೊಂದು ಅಂಟಿಕೊಂಡ ಹಾಳೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಯಂತ್ರ, ಅಂದರೆ ಮತಪತ್ರ ಓದುವ ಸ್ಕ್ಯಾನರ್. ಅದು ಹೆಸರು ಓದುವುದಿಲ್ಲ. ಹಾಳೆಯ ಗೊತ್ತಾದ ಜಾಗದಲ್ಲಿ ಶಾಯಿ ಇದೆಯೇ ಎಂದಷ್ಟೇ ನೋಡುತ್ತದೆ. ಮತದಾರರು ಹೆಸರಿನ ಪಕ್ಕದ ಅಂಡಾಕಾರದ ಖಾಲಿ ಗುರುತನ್ನು ಶಾಯಿಯಿಂದ ತುಂಬದೆ ಹೆಸರಿನ ಸುತ್ತ ಗೆರೆ ಎಳೆದರೆ ಅದರ ಪಾಲಿಗೆ ಆ ಜಾಗ ಖಾಲಿ. ಗಾಜಿನ ಮೇಲಿನ ಧೂಳು ಹಾಳೆಯುದ್ದಕ್ಕೂ ಗೆರೆಯಾಗಿ ಕಾಣಬಹುದು.

ಇದಕ್ಕಿಂತ ಅಪಾಯದ್ದು, ಯಾವ ಜಾಗ ಯಾವ ಅಭ್ಯರ್ಥಿಯದ್ದೆಂದು ಯಂತ್ರಕ್ಕೆ ಹೇಳುವ ಕಂಪ್ಯೂಟರ್ ಕಡತದ ತಪ್ಪು. 2020ರ ನವೆಂಬರ್‌ನಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಆಂಟ್ರಿಮ್ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಮತಪತ್ರ ಬದಲಾದ ಮೇಲೆ ಕೆಲವು ಸ್ಕ್ಯಾನರ್‌ಗಳಿಗೆ ಹೊಸ ಕಡತ ಹಾಕಿರಲಿಲ್ಲ. ಒಬ್ಬರ ಮತ ಇನ್ನೊಬ್ಬರ ಸಾಲಿಗೆ ಹೋಗಿ, ಮೊದಲು ಹೊರಬಿದ್ದ ಫಲಿತಾಂಶವೇ ತಲೆಕೆಳಗಾಯಿತು. ತಪ್ಪು ತಿದ್ದಿದ ಬಳಿಕ ಡಿಸೆಂಬರ್‌ನಲ್ಲಿ ಅಧ್ಯಕ್ಷ ಸ್ಥಾನದ 15,718 ಮತಗಳನ್ನು ಕೈಯಲ್ಲಿ ಎಣಿಸಿದರು. ತಿದ್ದಿದ ಲೆಕ್ಕಕ್ಕೆ ಹೋಲಿಸಿದರೆ ಗೆಲುವಿನ ಅಂತರ ಬದಲಾದದ್ದು 12 ಮತಗಳಷ್ಟೇ. ಕಾಗದ ಇದ್ದದ್ದರಿಂದಲೇ ಇದು ಸಾಧ್ಯವಾಯಿತು.

ಇಂಥ ತಪ್ಪನ್ನು ಮೊದಲೇ ಹಿಡಿಯಲು, ಗುರುತು ಹಾಕಿದ ಪರೀಕ್ಷಾ ಹಾಳೆಗಳನ್ನು ಯಂತ್ರಕ್ಕೆ ಉಣಿಸುತ್ತಾರೆ. ಅದರಲ್ಲಿ ಮೊದಲನೆಯವರಿಗೆ ಒಂದು, ಎರಡನೆಯವರಿಗೆ ಎರಡು, ಮೂರನೆಯವರಿಗೆ ಮೂರು ಮತ ಇರಬೇಕು. ಎಲ್ಲರಿಗೂ ಐದೈದು ಕೊಟ್ಟರೆ ಸಾಲು ಅದಲುಬದಲಾದರೂ ಲೆಕ್ಕ ಸರಿಯಾಗಿಯೇ ಬರುತ್ತದೆ!

ಹಾಳೆಯಲ್ಲಿ ಹಲವು ಸ್ಪರ್ಧೆಗಳಿದ್ದಲ್ಲಿ ಯಂತ್ರ ಎಣಿಸಲಿ, ಕೈ ತಪಾಸಣೆ ಮಾಡಲಿ. ಅಮೆರಿಕದ ಕೊಲೊರಾಡೊ ರಾಜ್ಯ 2017ರಿಂದ ಹಾಗೆ ಮಾಡುತ್ತಿದೆ: ಸಾರ್ವಜನಿಕರ ಎದುರು ಹತ್ತು ಮುಖದ ದಾಳಗಳನ್ನು ಉರುಳಿಸಿ, ಬಂದ ಅಂಕಿಗಳ ಆಧಾರದ ಮೇಲೆ ಮತಪತ್ರಗಳನ್ನು ಆರಿಸಿ, ಯಂತ್ರದ ದಾಖಲೆಗೆ ಹೋಲಿಸುತ್ತಾರೆ. ಗೆಲುವಿನ ಅಂತರ ಕಿರಿದಾದಷ್ಟೂ ಹೆಚ್ಚು ಹಾಳೆ ತೆಗೆಯಬೇಕು. ಯಂತ್ರದ ಲೆಕ್ಕಕ್ಕೆ ಬೀಗ ಬಿದ್ದ ಮೇಲೆಯೇ ದಾಳ ಉರುಳಬೇಕು. ಯಾವ ಹಾಳೆ ಹೊರಬರುತ್ತದೆಂದು ಮುಂಚೆಯೇ ಗೊತ್ತಾದರೆ, ಉಳಿದ ಹಾಳೆಗಳ ಲೆಕ್ಕವನ್ನು ತಿರುಚಲು ದಾರಿಯಾಗುತ್ತದೆ.